ಕ್ಷಮೆ ಯಾರ ಸ್ವತ್ತು?

ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವವನ್ನು ಆಚರಿಸಿ, ಹುಣ್ಣಿಮೆ ಕಳೆದ ಪಾಡ್ಯಮಿಯಂದು ಪರಸ್ಪರ ಕ್ಷಮಾಯಾಚನೆ ಮಾಡುವುದು ನಮ್ಮ ಹಿರಿಯರಿಂದ ಬಂದ ಕ್ರಮ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಶ್ರಾವಕ ಕುಟುಂಬಗಳಲ್ಲಿ ಈ ದಿನಕ್ಕೆ ಇಂದಿಗೂ ಗೌರವವಿದೆ. ಹಿಂದೆ ಮನೆಮನೆಗೆ ಹೋಗಿ ಕೈಮುಗಿಯುತ್ತಿದ್ದರು. ಆಮೇಲೆ ಅಚ್ಚು ಹಾಕಿಸಿದ ಕಾರ್ಡುಗಳು ಬಂದವು. ಈಗ ಮೊಬೈಲಿನ ಒಂದೇ ಸಂದೇಶವು ಒಮ್ಮೆಗೆ ಇನ್ನೂರು ಮಂದಿಯನ್ನು ತಲುಪುತ್ತದೆ. ಆದರೆ ಆ ಇನ್ನೂರು ಹೆಸರುಗಳನ್ನು ಒಂದೊಂದಾಗಿ ಪರಿಶೀಲಿಸಿದರೆ, ನಾವು ನಿಜವಾಗಿ ನೋಯಿಸಿದ ಒಬ್ಬನ ಹೆಸರು ಅದರಲ್ಲಿ ಇರುವುದಿಲ್ಲ. ತೆಂಗಿನ ತೋಟದ ಪಾಲಿನಲ್ಲಿ ಬೇಲಿಯನ್ನು ಎರಡು ಗಜ ಈಚೆಗೆ ಸರಿಸಿದ್ದು ಯಾವ ತಮ್ಮನ ಕಡೆಗೋ, ಆ ತಮ್ಮನಿಗೆ ಸಂದೇಶ ಹೋಗಿರುವುದಿಲ್ಲ. ಬಸದಿಯ ಸಭೆಯಲ್ಲಿ ಯಾರ ಲೆಕ್ಕದ ಮೇಲೆ ಸಂಶಯದ ಮಾತಾಡಿ ಎದ್ದು ಬಂದೆವೋ, ಅವರ ಮನೆಯ ಮೆಟ್ಟಿಲನ್ನು ಹತ್ತಿರುವುದಿಲ್ಲ. ಎಂಬತ್ತನಾಲ್ಕು ಲಕ್ಷ ಯೋನಿಗಳ ಜೀವರಾಶಿಯನ್ನು ಕ್ಷಮೆ ಕೇಳುವುದು ಸುಲಭ. ಪಕ್ಕದ ಮನೆಯ ಒಂದು ಜೀವವನ್ನು ಕೇಳುವುದು ಕಷ್ಟ.

ಇಲ್ಲಿ ಏಳುವ ಪ್ರಶ್ನೆ ಕೇವಲ ಸದಾಚಾರದ್ದಲ್ಲ, ತತ್ತ್ವದ್ದು. ಕ್ಷಮೆಯೆಂಬುದು ಯಾರ ಸ್ವತ್ತು? ಅದನ್ನು ಕೊಡುವ ಅಧಿಕಾರ ಯಾರಿಗಿದೆ? ತಪ್ಪು ಮಾಡಿದವನು ತನ್ನೊಳಗೆ ತಾನೇ ಪಶ್ಚಾತ್ತಾಪಪಟ್ಟು ಶುದ್ಧನಾದರೆ ಸಾಕೆ, ಅಥವಾ ನೊಂದವನ ಬಾಗಿಲಿಗೆ ಹೋಗಲೇಬೇಕೆ? ಈ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳಿಂದ ಹಿಡಿದು ಜಗ್ಗಾಡಿದ ಇನ್ನೊಂದು ಸಮಾಜವಿದೆ. ಸಂಖ್ಯೆಯಲ್ಲಿ ನಮ್ಮಂತೆಯೇ ಚಿಕ್ಕದು, ವ್ಯಾಪಾರದಲ್ಲಿ ನಮ್ಮಂತೆಯೇ ಹೆಸರಾದದ್ದು, ಗ್ರಂಥವನ್ನು ನಮ್ಮಂತೆಯೇ ಪೂಜ್ಯವೆಂದು ಕಾಪಾಡಿಕೊಂಡು ಬಂದದ್ದು. ಅದು ಯೆಹೂದ್ಯ ಸಮಾಜ. ಅವರ ವಿಚಾರವನ್ನು ನಮ್ಮ ಓದುಗರ ಮುಂದಿಡುವುದು ಪರಮತದ ಪ್ರಚಾರಕ್ಕಲ್ಲ. ಅನೇಕಾಂತವನ್ನು ಒಪ್ಪಿದವರು ಬೇರೊಂದು ದೃಷ್ಟಿಯಿಂದ ತಮ್ಮ ಮನೆಯನ್ನು ನೋಡಿಕೊಳ್ಳಲು ಹಿಂಜರಿಯಬೇಕಾಗಿಲ್ಲ.

ಯೆಹೂದ್ಯರ ಹೊಸ ವರ್ಷವು ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಬರುತ್ತದೆ. ಅದರ ಹತ್ತನೆಯ ದಿನವೇ ಯೋಮ್ ಕಿಪ್ಪುರ್, ಎಂದರೆ ಪ್ರಾಯಶ್ಚಿತ್ತದ ದಿನ. ಹಿಂದಿನ ಸಂಜೆಯಿಂದ ಮರುದಿನ ಕತ್ತಲಾಗುವವರೆಗೆ, ಸುಮಾರು ಇಪ್ಪತ್ತೈದು ಗಂಟೆ, ಅನ್ನವೂ ಇಲ್ಲ, ನೀರೂ ಇಲ್ಲ. ನಿರ್ಜಲ ಉಪವಾಸವೆಂದರೇನೆಂಬುದನ್ನು ನಮ್ಮ ಓದುಗರಿಗೆ ಯಾರೂ ವಿವರಿಸಬೇಕಾಗಿಲ್ಲ. ಅವರು ಪಶ್ಚಾತ್ತಾಪಕ್ಕೆ ಬಳಸುವ ಶಬ್ದ ‘ತೆಶುವಾ’. ಅದರ ಮೂಲಾರ್ಥ ‘ಮರಳಿ ಬರುವುದು’. ನಮ್ಮ ‘ಪ್ರತಿಕ್ರಮಣ’ ಶಬ್ದದ ಅರ್ಥವೂ ಇಟ್ಟ ಹೆಜ್ಜೆಯಿಂದ ಹಿಂದಿರುಗುವುದೇ. ಸಂಬಂಧವೇ ಇಲ್ಲದ ಎರಡು ಭಾಷೆಗಳು ಪಾಪದಿಂದ ಹೊರಬರುವುದನ್ನು ಒಂದೇ ಚಿತ್ರದಿಂದ ಕಂಡಿವೆ: ದಾರಿ ತಪ್ಪಿದವನು ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಬೇಕು.

ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಗ್ರಹವಾದ ಮಿಶ್ನಾ ಎಂಬ ಅವರ ಧರ್ಮಸಂಹಿತೆಯಲ್ಲಿ ಈ ದಿನದ ಬಗ್ಗೆ ಒಂದು ನಿಯಮವಿದೆ. ಮನುಷ್ಯನಿಗೂ ದೇವರಿಗೂ ನಡುವಿನ ಅಪರಾಧಗಳನ್ನು ಆ ದಿನದ ಪ್ರಾಯಶ್ಚಿತ್ತವು ತೊಳೆಯುತ್ತದೆ. ಮನುಷ್ಯನಿಗೂ ಮನುಷ್ಯನಿಗೂ ನಡುವಿನ ಅಪರಾಧಗಳನ್ನು, ನೊಂದವನನ್ನು ಸಮಾಧಾನಪಡಿಸುವವರೆಗೆ, ಅದು ತೊಳೆಯುವುದಿಲ್ಲ. ಇದರ ಗಾಂಭೀರ್ಯವನ್ನು ತಾಳ್ಮೆಯಿಂದ ನೋಡಬೇಕು. ಜಗತ್ಕರ್ತನೊಬ್ಬನಿದ್ದಾನೆ, ಅವನು ಸರ್ವಶಕ್ತ, ಅವನು ಕ್ಷಮಿಸುವವನು ಎಂದು ನಂಬಿದ ಮತವಿದು. ಆದರೂ ಆ ಸರ್ವಶಕ್ತನು ಈ ಒಂದು ವ್ಯಾಜ್ಯವನ್ನು ತನ್ನ ನ್ಯಾಯಾಲಯಕ್ಕೆ ತೆಗೆದುಕೊಳ್ಳುವುದಿಲ್ಲ. ನಿನ್ನ ನೆರೆಯವನ ಬಳಿಗೆ ಹೋಗು ಎಂದು ಹಿಂದಕ್ಕೆ ಕಳುಹಿಸುತ್ತಾನೆ. ನಮ್ಮಲ್ಲಿಯಾದರೋ ಕ್ಷಮಿಸುವ ಕರ್ತೃವೇ ಇಲ್ಲ. ತೀರ್ಥಂಕರರು ವೀತರಾಗರು, ಯಾರ ಕರ್ಮವನ್ನೂ ಅಳಿಸುವವರಲ್ಲ. ಒಬ್ಬರಲ್ಲಿ ಕ್ಷಮಿಸುವ ದೇವರಿದ್ದಾನೆ, ಇನ್ನೊಬ್ಬರಲ್ಲಿ ಇಲ್ಲ. ಇಷ್ಟು ದೂರದ ಎರಡು ಸಿದ್ಧಾಂತಗಳು, ಮೂರನೆಯವರು ನಡುವೆ ಬಂದು ನಿನ್ನ ತಪ್ಪನ್ನು ಮನ್ನಿಸಲಾರರು ಎಂಬಲ್ಲಿ ಕೂಡುತ್ತವೆ. ಎರಡು ದಾರಿಗಳೂ ನೊಂದವನ ಬಾಗಿಲಿಗೇ ಕರೆದೊಯ್ಯುತ್ತವೆ.

ಆ ಬಾಗಿಲಲ್ಲಿ ಏನು ಮಾಡಬೇಕೆಂಬುದನ್ನು ವಿಧಿಬದ್ಧವಾಗಿ ಬರೆದವರು ಮೈಮೊನಿಡಿಸ್ ಎಂದು ಪ್ರಸಿದ್ಧರಾದ ಮೋಶೆ ಬೆನ್ ಮೈಮೋನ್ (1138–1204). ಈಜಿಪ್ಟಿನ ಫುಸ್ಟಾಟ್ ಎಂಬ ಹಳೆಯ ನಗರದಲ್ಲಿ, ಎಂದರೆ ಇಂದಿನ ಕೈರೋದ ಒಂದು ಭಾಗದಲ್ಲಿ, ವೈದ್ಯರಾಗಿ ಬಾಳಿದವರು. ಅವರ ತಮ್ಮ ದಾವೀದನು ಭಾರತದ ವ್ಯಾಪಾರಕ್ಕೆಂದು ಹೊರಟು ಕಡಲಿನಲ್ಲಿ ಮುಳುಗಿ ತೀರಿಕೊಂಡನು. ಆ ಶೋಕದಲ್ಲಿ ಅಣ್ಣನು ಸುಮಾರು ಒಂದು ವರ್ಷ ಹಾಸಿಗೆ ಹಿಡಿದನು. ಅವರ ನಿರೂಪಣೆಯಂತೆ, ಕದ್ದದ್ದನ್ನು ಅಥವಾ ಬಾಕಿಯನ್ನು ಹಿಂದಿರುಗಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಹಣ ಕೊಟ್ಟ ಮೇಲೂ ಅವನ ಮನಸ್ಸನ್ನು ಒಲಿಸಿಕೊಳ್ಳಬೇಕು. ಹಣ ಕೊಡದೆ ಬರಿಯ ಮಾತಿನಿಂದ ಒಲಿಸಹೋಗುವುದಂತೂ ಆಗದು. ಅವನು ಒಪ್ಪದಿದ್ದರೆ ಮೂವರು ಸ್ನೇಹಿತರನ್ನು ಕರೆದೊಯ್ದು ಮತ್ತೆ ಕೇಳಬೇಕು. ಆಗದಿದ್ದರೆ ಎರಡನೆಯ ಸಲ, ಮೂರನೆಯ ಸಲ. ಅಷ್ಟಾಗಿಯೂ ಒಪ್ಪದವನನ್ನು ಬಿಟ್ಟುಬಿಡಬಹುದು. ಇನ್ನು ಪಾಪವು ಕ್ಷಮಿಸದವನದು. ನೊಂದವರು ಗುರುಗಳಾಗಿದ್ದರೆ ಮಾತ್ರ ಈ ಮೂರರ ಮಿತಿಯಿಲ್ಲ. ಸಾವಿರ ಸಲವಾದರೂ ಹೋಗಬೇಕು. ಕ್ಷಮಿಸಬೇಕಾದವನಿಗೂ ವಿಧಿಯಿದೆ: ಅವನು ಕ್ರೂರನಾಗಬಾರದು, ಬೇಗ ಒಲಿಯುವವನಾಗಿ ನಿಧಾನವಾಗಿ ಕೋಪಿಸುವವನಾಗಿರಬೇಕು.

ನೊಂದವನು ತೀರಿಕೊಂಡಿದ್ದರೆ? ಹತ್ತು ಜನರನ್ನು ಸಮಾಧಿಯ ಬಳಿಗೆ ಕರೆದೊಯ್ದು ಅವರೆದುರು ತಪ್ಪನ್ನು ಹೇಳಿಕೊಳ್ಳಬೇಕು. ಹಣದ ಬಾಕಿಯಿದ್ದರೆ ವಾರಸುದಾರರಿಗೆ ಸಲ್ಲಿಸಬೇಕು. ನಮ್ಮಲ್ಲಿ ಸಮಾಧಿಯಿಲ್ಲ, ಆ ವಿಧಿಯ ಮೊದಲ ಅರ್ಧವು ನಮಗೆ ಹೊಂದುವುದಿಲ್ಲ. ಎರಡನೆಯ ಅರ್ಧವನ್ನು ಮಾತ್ರ ತಡೆದು ನಿಂತು ಯೋಚಿಸಬೇಕು. ಅಣ್ಣನ ಪಾಲಿನಲ್ಲಿ ಹೆಚ್ಚು ಬರೆಯಿಸಿಕೊಂಡ ತೋಟವಿದೆ, ತಮ್ಮನು ತೀರಿಕೊಂಡಿದ್ದಾನೆ, ಅವನ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಅವರಿಗೆ ಆ ವಿಷಯವೇ ತಿಳಿಯದು. ಇಂಥ ಮನೆಯಲ್ಲಿ ತಮ್ಮನ ಹೆಸರಿನಲ್ಲಿ ಅಭಿಷೇಕ ಮಾಡಿಸುವುದು ಪುಣ್ಯವಿರಬಹುದು. ಬಾಕಿಯನ್ನು ಅದು ತೀರಿಸುವುದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಎಣಿಸಿದೆ. ಇಟ್ಟವನು ಎಷ್ಟಿಟ್ಟೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಹೌದು ಅಷ್ಟೇ ಎಂದು ಒಪ್ಪಿಕೊಂಡು ಉಳಿದದ್ದನ್ನು ಇಟ್ಟುಕೊಳ್ಳುವುದು. ತಿಳಿಯದ ವಾರಸುದಾರನ ಮುಂದೆ ಸುಮ್ಮನಿರುವುದು ಇದಕ್ಕಿಂತ ಎಷ್ಟು ಬೇರೆ?

ಈ ವಿಚಾರಗಳು ನಮ್ಮ ನಾಡಿಗೆ ತೀರ ಹೊರಗಿನವೆಂದು ಯಾರೂ ಭಾವಿಸಬೇಕಾಗಿಲ್ಲ. ಶ್ರವಣಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಶಾಂತಲಾದೇವಿಯು 1131ರಲ್ಲಿ ಶಿವಗಂಗೆಯಲ್ಲಿ ದೇಹತ್ಯಾಗ ಮಾಡಿದಳು. ಅದರ ಮರುವರ್ಷ, 1132ರಲ್ಲಿ, ಘಟ್ಟದ ಕೆಳಗಿನ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆದುಕೊಟ್ಟನು. ಅವನು ಇಂದಿನ ಟ್ಯುನೀಸಿಯಾದ ಮಹ್ದಿಯಾದವನು. ಏಡನ್ನಿನ ಮೂಲಕ ಇಲ್ಲಿಗೆ ಬಂದು ಕಂಚಿನ ಪಾತ್ರೆಗಳ ಕಾರ್ಯಾಗಾರವನ್ನಿಟ್ಟು, ಮೆಣಸು, ಏಲಕ್ಕಿ, ಅಡಕೆಗಳ ವ್ಯಾಪಾರ ನಡೆಸಿ 1149ರಲ್ಲಿ ಏಡನ್ನಿಗೆ ಹಿಂದಿರುಗಿದನು. ಅವನ ಪತ್ರಗಳು ಉಳಿದ ಬಗೆಯೇ ಒಂದು ಧರ್ಮಸೂಕ್ಷ್ಮ. ದೇವರ ಹೆಸರಿರಬಹುದಾದ ಯಾವ ಬರಹವನ್ನೂ ನಾಶಮಾಡಬಾರದೆಂದು ಯೆಹೂದ್ಯರು ಹಳೆಯ ಕಾಗದಗಳನ್ನು ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ಹಾಕುತ್ತಿದ್ದರು. ಅದಕ್ಕೆ ‘ಗೆನೀಜಾ’ ಎಂದು ಹೆಸರು. ಫುಸ್ಟಾಟಿನ ಗೆನೀಜಾದ ಬಹುಭಾಗವನ್ನು 1897ರಲ್ಲಿ ಕೇಂಬ್ರಿಜ್‌ಗೆ ಒಯ್ದರು. ನಾವು ಮೂಡಬಿದಿರೆಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ತಾಡವೋಲೆಯನ್ನು ಕಾಪಾಡಿದೆವು. ಅವರು ಅಂಗಡಿಯ ಲೆಕ್ಕದ ಚೀಟಿಯನ್ನೂ ಕಾಪಾಡಿದರು. ಬೆನ್ ಯಿಜುವಿನ ಕೆಲಸಗಾರನ ಹೆಸರು ‘ಬೊಮ್ಮ’ ಎಂಬ ಅಚ್ಚ ತುಳುನಾಡ ಹೆಸರೆಂದು ಗುರುತಿಸುವುದರಲ್ಲಿ ಲೇಖಕ ಅಮಿತಾವ್ ಘೋಷ್ ಅವರಿಗೆ ನೆರವಾದವರು ಪ್ರೊ. ಬಿ. ಎ. ವಿವೇಕ ರೈ, ಆ ಕಥನವು 1992ರಲ್ಲಿ ಪುಸ್ತಕವಾಗಿ ಬಂದಿತು.

ಆ ಪತ್ರಗಳಲ್ಲಿ ಒಂದು ಬಾಕಿಯ ಪ್ರಸಂಗವು ಪದೇಪದೇ ಬರುತ್ತದೆ. ಈ ಕರಾವಳಿಯ ಮಧ್ಯವರ್ತಿಯೊಬ್ಬನು ಏಲಕ್ಕಿ ತರಿಸಿಕೊಡುವುದಾಗಿ ಮುಂಗಡ ಪಡೆದು ಸರಕು ಕೊಡಲಿಲ್ಲ. ಏಡನ್ನಿನ ವರ್ತಕ ಯೂಸುಫ್ ಬೆನ್ ಅಬ್ರಹಾಂ ಬೆನ್ ಯಿಜುವಿಗೆ ಬರೆದ ಸಲಹೆಯ ತಾತ್ಪರ್ಯವಿದು: ಕೊಟ್ಟ ಮಾತು ತಪ್ಪಿದವರನ್ನು ನಮ್ಮೂರಿನಲ್ಲಿ ಬಹಿರಂಗವಾಗಿ ಖಂಡಿಸುತ್ತೇವೆಂದು ಅವನನ್ನು ಹೆದರಿಸು, ಆಗಲೂ ಕೊಡದಿದ್ದರೆ ಖಂಡನಾಪತ್ರವನ್ನೇ ಹೊರಡಿಸೋಣ. ವ್ಯಾಪಾರಿಯ ಬುದ್ಧಿಗೆ ಇದು ಸಹಜವೇ. ಆದರೆ ಅವರ ತಾಲ್ಮುಡ್ ಗ್ರಂಥವು, ನಾಲ್ಕು ಜನರೆದುರು ಒಬ್ಬನ ಮಾನ ಕಳೆಯುವುದು ರಕ್ತ ಸುರಿಸಿದಂತೆ ಎನ್ನುತ್ತದೆ. ಅವಮಾನಿತನಾದವನ ಮುಖದಿಂದ ಕೆಂಪು ಇಳಿದು ಬಿಳುಪೇರುವುದನ್ನು ಕಂಡಿರುವೆವಲ್ಲ, ಅದೇ ಆ ರಕ್ತ ಎಂದು ವಿವರಿಸುತ್ತದೆ. ಶಾಸ್ತ್ರಕ್ಕೂ ಸಂತೆಗೂ ಇರುವ ಅಂತರ ಅವರಲ್ಲೂ ಇತ್ತು, ನಮ್ಮಲ್ಲೂ ಇದೆ. ಟ್ರಸ್ಟಿನ ವಾರ್ಷಿಕ ಸಭೆಗಳಲ್ಲಿ ಬಾಕಿದಾರರ ಹೆಸರನ್ನು ಗಟ್ಟಿಯಾಗಿ ಓದುವವರು ಇದನ್ನೊಮ್ಮೆ ನೆನೆಯಬಹುದು.

ಬೆನ್ ಯಿಜುವಿನ ಬದುಕಿನ ಉತ್ತರಾರ್ಧವು ಸೋದರರ ಕಥೆಯೇ ಆಯಿತು. 1148ರಲ್ಲಿ ನಾರ್ಮನ್ನರು ಮಹ್ದಿಯಾವನ್ನು ಹಿಡಿದರು. ಅವನ ಒಡಹುಟ್ಟಿದವರು ದಿಕ್ಕುಪಾಲಾದರು. ಮರುವರ್ಷ ಏಡನ್ನಿಗೆ ಬಂದೊಡನೆಯೇ ಅವನು, ನನ್ನ ಬಳಿ ನಮ್ಮೆಲ್ಲರಿಗೂ ಸಾಕಾಗುವಷ್ಟಿದೆ, ಬನ್ನಿರಿ ಎಂಬ ಅರ್ಥದಲ್ಲಿ ಬರೆದನು. ಆಮೇಲೆ ಮುಬಶ್ಶಿರ್ ಎಂಬ ತಮ್ಮನು ದೊಡ್ಡ ಮೊತ್ತದ ಹಣದಲ್ಲಿ ಅವನಿಗೆ ಮೋಸ ಮಾಡಿದನು. ಈ ದೂರನ್ನು ಬೆನ್ ಯಿಜು ಮುಚ್ಚಿಡಲಿಲ್ಲ. ಆದರೆ ಒಬ್ಬ ತಮ್ಮನ ಮೋಸದಿಂದ ರಕ್ತಸಂಬಂಧವೆಲ್ಲ ಸುಳ್ಳೆಂದು ತೀರ್ಮಾನಿಸಲೂ ಇಲ್ಲ. ಯೂಸುಫ್ ಎಂಬ ಇನ್ನೊಬ್ಬ ತಮ್ಮನಿಗೆ ಬರೆದು ಅವನ ಮಗನನ್ನು ಕರೆಸಿಕೊಂಡನು. ಉಳಿದ ಒಬ್ಬಳೇ ಮಗಳನ್ನು 1156ರಲ್ಲಿ ಫುಸ್ಟಾಟಿನಲ್ಲಿ ಆ ಹುಡುಗನಿಗೆ ಕೊಟ್ಟು ಮದುವೆ ಮಾಡಿದನು.

ಕೋಪವನ್ನು ಒಳಗೇ ಇಟ್ಟುಕೊಳ್ಳುವುದರ ಬಗ್ಗೆ ತಾಲ್ಮುಡ್ಡಿನಲ್ಲಿ ಒಂದು ಹಳ್ಳಿಯ ದೃಷ್ಟಾಂತವಿದೆ. ಒಬ್ಬನು ನೆರೆಯವನನ್ನು ಕುಡುಗೋಲು ಕೇಳಿದನು, ಅವನು ಕೊಡಲಿಲ್ಲ. ಮರುದಿನ ಅವನೇ ಬಂದು ಇವನನ್ನು ಕೊಡಲಿ ಕೇಳಿದನು. ನೀನು ನಿನ್ನೆ ಕೊಡಲಿಲ್ಲವಾದ್ದರಿಂದ ನಾನೂ ಕೊಡೆನು ಎಂದರೆ ಅದು ಸೇಡು. ತೆಗೆದುಕೋ, ನಾನು ನಿನ್ನಂಥವನಲ್ಲ ಎಂದು ಕೊಟ್ಟರೆ ಅದು ಹಗೆ. ಎರಡೂ ನಿಷಿದ್ಧ. ಮೊದಲನೆಯದು ತಪ್ಪೆಂದು ಯಾರಾದರೂ ಹೇಳಿಯಾರು. ಎರಡನೆಯದರಲ್ಲಿರುವ ವಿಷವನ್ನು ಕಂಡದ್ದೇ ಇದರ ಸೊಗಸು. ಕೊಡಲಿ ಕೈ ಬದಲಾಯಿತು, ಉಪಕಾರವೂ ಆಯಿತು, ಆದರೆ ಮಾನಕಷಾಯವು ಒಂದು ಅಂಗುಲ ಬೆಳೆಯಿತು. ಅರಕಲಗೂಡಿನ ಕಡೆ ಆಲೂಗೆಡ್ಡೆ ಬಿತ್ತನೆಯ ಕಾಲದಲ್ಲಿ ನೇಗಿಲು ಎತ್ತುಗಳನ್ನು ಎರವಲು ಕೊಟ್ಟು ಪಡೆದ ಹಿರಿಯರಿಗೆ ಈ ‘ನಾನು ನಿನ್ನಂಥವನಲ್ಲ’ ಎಂಬ ಧ್ವನಿಯ ಪರಿಚಯ ಚೆನ್ನಾಗಿರುತ್ತದೆ.

ಮಾತಿನ ವಿಷಯಕ್ಕೆ ಬಂದರೆ ಯೆಹೂದ್ಯರ ವಿವೇಚನೆ ಇನ್ನೂ ಆಳವಾದುದು. ‘ಲಶೋನ್ ಹಾರಾ’, ಎಂದರೆ ಕೆಟ್ಟ ನಾಲಿಗೆ, ಎಂದು ಅವರು ಕರೆಯುವುದು ಸುಳ್ಳನ್ನಲ್ಲ. ನಿಜವಾದ ಸಂಗತಿಯನ್ನೇ, ಅಗತ್ಯವಿಲ್ಲದೆ, ಇನ್ನೊಬ್ಬನಿಗೆ ಕೇಡಾಗುವಂತೆ ಹೇಳುವುದನ್ನು. ‘ಇದ್ದದ್ದನ್ನೇ ಹೇಳಿದೆ’ ಎಂಬ ನಮ್ಮ ನಿತ್ಯದ ಸಮರ್ಥನೆ ಅಲ್ಲಿ ನಡೆಯದು. ನಮ್ಮಲ್ಲಿಯೂ ರಹೋಭ್ಯಾಖ್ಯಾನ, ಸಾಕಾರಮಂತ್ರಭೇದಗಳು ಸತ್ಯವ್ರತದ ಅತಿಚಾರಗಳೇ. ಗುಟ್ಟಾದ ನಿಜವನ್ನು ಹೊರಗೆಡಹುವುದು ಸತ್ಯವ್ರತಕ್ಕೇ ಕಳಂಕ. ಪೋಲೆಂಡ್-ಲಿಥುವೇನಿಯದ ಸೀಮೆಯ ರಾದಿನ್ ಎಂಬ ಊರಿನ ರಬ್ಬಿ ಇಸ್ರಾಯೇಲ್ ಮೇಯಿರ್ ಕಾಗನ್ (1838–1933) ಈ ವಿಷಯಕ್ಕೆಂದೇ ಒಂದು ಗ್ರಂಥ ರಚಿಸಿ, 1873ರಲ್ಲಿ ತಮ್ಮ ಹೆಸರಿಲ್ಲದೆ ಪ್ರಕಟಿಸಿದರು. ಹೇಳಲೇಬೇಕಾದ ಸಂದರ್ಭಗಳನ್ನೂ ಅವರು ಮರೆಯಲಿಲ್ಲ. ಹೆಣ್ಣು ಗಂಡಿನ ಸಂಬಂಧ ವಿಚಾರಿಸುವಾಗ, ಪಾಲುದಾರಿಕೆಗೆ ಇಳಿಯುವಾಗ, ಇನ್ನೊಬ್ಬರಿಗೆ ಹಾನಿಯಾಗುವುದನ್ನು ತಪ್ಪಿಸಲು ಹೇಳಬಹುದು. ಆದರೆ ಏಳು ನಿಬಂಧನೆಗಳಿವೆ. ಕಣ್ಣಾರೆ ಕಂಡಿರಬೇಕು, ಹೆಚ್ಚಿಸಿ ಹೇಳಬಾರದು, ಮೊದಲು ಆ ವ್ಯಕ್ತಿಗೇ ಏಕಾಂತದಲ್ಲಿ ಹೇಳಿ ನೋಡಿರಬೇಕು, ಹೇಳುವವನಿಗೆ ಸ್ವಂತದ ದ್ವೇಷವಿರಬಾರದು ಎಂಬಂಥವು. ಬಸದಿಯ ಹಣ ಸೋರುತ್ತಿದ್ದರೆ ಸುಮ್ಮನಿರುವುದು ಧರ್ಮವಲ್ಲ. ಆದರೆ ಸಭೆಗೆ ಬರುವ ಮೊದಲು ಕೋಶಾಧಿಕಾರಿಯ ಮನೆಗೆ ಹೋಗಿ ಲೆಕ್ಕದ ಪುಸ್ತಕ ಕೇಳಿದ್ದೆವೆಯೇ ಎಂಬ ಪ್ರಶ್ನೆಯು ನಮ್ಮ ಎಷ್ಟೋ ಜಗಳಗಳನ್ನು ಹುಟ್ಟುವ ಮುನ್ನವೇ ನಿಲ್ಲಿಸೀತು.

ಈ ಗ್ರಂಥದ ಒಂದು ನಿರ್ಣಯದ ಬಗ್ಗೆ ಭಿನ್ನಾಭಿಪ್ರಾಯವೆದ್ದಿತು. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಲ್ಲಿದೆ. ನಾನು ಒಬ್ಬನ ಬಗ್ಗೆ ಹಿಂದಿನಿಂದ ಕೆಟ್ಟದ್ದಾಡಿದೆ. ಅದು ಅವನಿಗೆ ತಿಳಿಯದು. ಈಗ ಹೋಗಿ ಹೇಳಿ ಕ್ಷಮೆ ಕೇಳಬೇಕೆ? ಕೇಳಬೇಕು, ಆಡಿದ ಮಾತನ್ನು ಅವನಿಗೆ ತಿಳಿಸಿಯಾದರೂ, ಎಂದರು ಕಾಗನ್. ನೈತಿಕ ಶಿಕ್ಷಣದ ಚಳುವಳಿಯನ್ನೇ ಕಟ್ಟಿದ ರಬ್ಬಿ ಇಸ್ರಾಯೇಲ್ ಸಾಲಂತರ್ (1810–1883) ಇದನ್ನು ಒಪ್ಪಲಿಲ್ಲವೆಂದು ಅವರ ಪರಂಪರೆಯಲ್ಲಿ ಹೇಳುತ್ತಾರೆ. ತಿಳಿಯದೆ ನೆಮ್ಮದಿಯಾಗಿದ್ದವನಿಗೆ ತಿಳಿಸಿ ನೋಯಿಸುವುದೇ ಹೊಸ ಅಪರಾಧ. ನಿನ್ನ ಶುದ್ಧಿಯ ಬೆಲೆಯನ್ನು ಅವನೇಕೆ ತೆರಬೇಕು? ಇದು ಅವರ ವಾದ.

ಅಹಿಂಸೆಯನ್ನು ಪರಮಧರ್ಮವೆಂದವರಿಗೆ ಸಾಲಂತರರ ಮಾತು ಥಟ್ಟನೆ ಹಿಡಿಸುತ್ತದೆ. ಪ್ರಮತ್ತಯೋಗದಿಂದ ಪ್ರಾಣಕ್ಕೆ ಉಂಟಾಗುವ ಬಾಧೆಯೇ ಹಿಂಸೆ ಎಂಬ ಲಕ್ಷಣಕ್ಕೆ, ಸ್ವಂತದ ಹಗುರಕ್ಕಾಗಿ ಇನ್ನೊಬ್ಬನ ಎದೆಗೆ ಭಾರವಿಳಿಸುವ ಕ್ಷಮಾಯಾಚನೆಯು ಸರಿಯಾಗಿ ಒಳಪಡುತ್ತದೆ. ಕೆಲವರು ಕ್ಷಮೆ ಕೇಳುವ ರೀತಿಯೇ ಹಾಗಿರುತ್ತದೆ; ಅವರು ಬಂದು ಹೋದ ಮೇಲೆ ಗಾಯ ಹೊಸದಾಗಿರುತ್ತದೆ. ಆದರೆ ಈ ವಾದದಲ್ಲಿ ಒಂದು ಅಪಾಯವಿದೆ. ಹೇಡಿಯಾದವನು ಇದರ ಮರೆಯಲ್ಲಿ ಸುಖವಾಗಿ ಅಡಗಬಲ್ಲನು. ‘ಅವರಿಗೆ ನೋವಾದೀತೆಂದು ಹೇಳಲಿಲ್ಲ’ ಎಂಬುದರಲ್ಲಿ ಅವರ ನೋವಿನ ಚಿಂತೆ ಎಷ್ಟು, ನಮ್ಮ ಮುಖಭಂಗದ ಭಯ ಎಷ್ಟು? ಮಾಯಾಕಷಾಯವು ಅಹಿಂಸೆಯ ವೇಷವನ್ನೂ ಹಾಕಬಲ್ಲದು. ಆದುದರಿಂದ ಹೀಗೆನಿಸುತ್ತದೆ: ಮಾತಿನಿಂದ ಹಾನಿ ತಟ್ಟಿ, ಸಂಬಂಧ ಮುರಿದೋ ವ್ಯಾಪಾರ ಕೆಟ್ಟೋ ಅವನಿಗೆ ನಷ್ಟವಾಗಿದ್ದರೆ ಕಾಗನ್ನರೇ ಸರಿ, ಹೋಗಬೇಕು, ಹೇಳಬೇಕು, ಆದ ನಷ್ಟವನ್ನು ಕಟ್ಟಿಕೊಡಬೇಕು. ಹಾನಿಯೇನೂ ತಟ್ಟದೆ ಮಾತು ಗಾಳಿಗೆ ಹೋಗಿದ್ದರೆ, ಯಾರೆದುರು ಆಡಿದೆವೋ ಅವರಲ್ಲಿಗೆ ಹೋಗಿ ಆ ಮಾತನ್ನು ಹಿಂತೆಗೆದುಕೊಂಡು ಬರುವುದು ಹೆಚ್ಚು ಯೋಗ್ಯ. ಅದು ಕ್ಷಮೆ ಕೇಳುವುದಕ್ಕಿಂತ ಕಹಿಯಾದ ಕೆಲಸವೆಂಬುದನ್ನು ಮಾಡಿ ನೋಡಿದವರು ಬಲ್ಲರು.

ಯೆಹೂದ್ಯರಿಂದ ಕಲಿಯುವುದೆಂದರೆ ನಮ್ಮದನ್ನು ಕಡಿಮೆಯೆಂದುಕೊಳ್ಳುವುದಲ್ಲ. ಅವರ ವಿಧಿಯು ಮಾತಾಡಬಲ್ಲ ಮನುಷ್ಯರ ನಡುವಿನದು. ಕೇಳಲು ಬಾಯಿಯೂ ಕೊಡಲು ಬಾಯಿಯೂ ಬೇಕು. ಗದ್ದೆ ಉತ್ತಾಗ ಸತ್ತ ಹುಳುವಿಗೆ ಕ್ಷಮೆ ಕೇಳುವ ಕ್ರಮ ನಮ್ಮದು. ಕೇಳದವನನ್ನೂ ಕ್ಷಮಿಸಿಬಿಡುವ ಸ್ವಾತಂತ್ರ್ಯವನ್ನು ನೊಂದವನಿಗೆ ಉತ್ತಮ ಕ್ಷಮೆಯು ಕೊಡುತ್ತದೆ; ತಪ್ಪು ಮಾಡಿದವನು ಬಾಗಿಲಿಗೆ ಬರಲಿ ಎಂದು ಕಾಯುತ್ತ ಕೂತು ಅವನು ಕ್ರೋಧವನ್ನು ಸಾಕಿಕೊಳ್ಳಬೇಕಾಗಿಲ್ಲ. ಆದರೆ ಈ ಸ್ವಾತಂತ್ರ್ಯವು ನೊಂದವನದು. ನೋಯಿಸಿದವನು ಅದನ್ನು ತನ್ನ ಹಕ್ಕೆಂದು ಎಣಿಸಿ ಮನೆಯಲ್ಲೇ ಕೂತರೆ, ಕೊಡುವವನ ದೊಡ್ಡತನವನ್ನು ಕದ್ದಂತಾಗುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿನ ವಿಂಧ್ಯಗಿರಿಯ ಮೇಲೆ, ಚಾವುಂಡರಾಯನು 981ರಲ್ಲಿ ನಿಲ್ಲಿಸಿದ ಐವತ್ತೆಂಟು ಅಡಿಗಳ ಬಾಹುಬಲಿಸ್ವಾಮಿಯ ಕಥೆಯನ್ನು ನಾವು ಸಾಮಾನ್ಯವಾಗಿ ತ್ಯಾಗದ ಕಥೆಯೆಂದು ಹೇಳುತ್ತೇವೆ. ಗೆದ್ದ ರಾಜ್ಯವನ್ನು ಬಿಟ್ಟು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರೂ ಕೇವಲಜ್ಞಾನವು ಬರಲಿಲ್ಲ. ತಾನು ನಿಂತಿರುವುದು ಭರತನ ನೆಲದ ಮೇಲೆ ಎಂಬ ಶಲ್ಯವು ಉಳಿದಿತ್ತು ಎನ್ನುವುದು ಜನರ ಬಾಯಲ್ಲಿರುವ ಕಥೆ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಆ ಮುಳ್ಳು ಇನ್ನೂ ಸೂಕ್ಷ್ಮವಾದುದು. ಅಲ್ಲಿ ಅಭಿಮಾನಕ್ಕಿಂತ ಮಿಗಿಲಾಗಿ ಕಾಣುವುದು ಅಣ್ಣನ ಮೇಲಿನ ಅಕ್ಕರೆ: ನನ್ನಿಂದ ಭರತನಿಗೆ ಕ್ಲೇಶವಾಯಿತಲ್ಲ ಎಂಬ ನೆನಪು. ತಪ್ಪು ಹೆಚ್ಚಾಗಿ ಅಣ್ಣನದೇ. ಸೋತ ಮೇಲೆ ಚಕ್ರರತ್ನವನ್ನು ಬಿಟ್ಟವನು ಅವನು. ಆದರೂ ತಮ್ಮನ ಎದೆಯಲ್ಲಿ ನಿಂತದ್ದು ಅಣ್ಣನಿಗಾದ ನೋವು. ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು, ಆ ನೆನಪು ಕರಗಲಿಲ್ಲ. ಯುದ್ಧಕ್ಕೆ ಮೊದಲು ದೂತನನ್ನು ಕಳುಹಿಸಿ ಎರಗಬೇಕೆಂದು ಹೇಳಿಸಿದ್ದ ಚಕ್ರವರ್ತಿಯು, ವರ್ಷ ತುಂಬಿದ ದಿನ ತಾನೇ ಬಂದು ತಮ್ಮನ ಪಾದಗಳನ್ನು ಪೂಜಿಸಿದನು.